ಬಾಂಡುಂಗ್‌ಗೆ ಹೋಗುವವರಿಗೆ: ಮೊದಲು ಆ ರಸ್ತೆ, ಆಮೇಲೆ ಬೆಟ್ಟ

ಇಂಡೋನೇಷ್ಯಾ ಅಂದರೆ ನಮ್ಮ ಕಡೆ ಎಲ್ಲರಿಗೂ ಬಾಲಿ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಬಾಂಡುಂಗ್ ಬಗ್ಗೆ. ಜಾವಾ ದ್ವೀಪದ ಪಶ್ಚಿಮದಲ್ಲಿ, ಜಕಾರ್ತದಿಂದ ಸುಮಾರು 150 ಕಿ.ಮೀ. ದೂರದಲ್ಲಿ ಬೆಟ್ಟಗಳು ಸುತ್ತುವರಿದ ಊರು. ಸಮುದ್ರ ಮಟ್ಟದಿಂದ 768 ಮೀಟರ್ ಎತ್ತರ. ನಮ್ಮ ಚಿಕ್ಕಬಳ್ಳಾಪುರಕ್ಕಿಂತ ಸ್ವಲ್ಪ ತಗ್ಗೇ. ಆದರೆ ಸುತ್ತಲಿನ ಬೆಟ್ಟಗಳು ನಮ್ಮ ನಂದಿಗಿಂತ ಎತ್ತರ, ಅದರಲ್ಲಿ ಕೆಲವು ಜ್ವಾಲಾಮುಖಿಗಳು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಅಲಿಪ್ತ ನೀತಿಯ ಪಾಠ ಬಂದಾಗಲೆಲ್ಲ, ಏಷ್ಯಾ–ಆಫ್ರಿಕಾದ ದೇಶಗಳು ಒಟ್ಟಿಗೆ ಸೇರಿದ್ದ 'ಬಾಂಡುಂಗ್ ಸಮ್ಮೇಳನ, 1955' ಅಂತ ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗುತ್ತೇವೆ. ಮಕ್ಕಳು ಒಂದು ಅಂಕದ ಪ್ರಶ್ನೆಗೆ ಅದನ್ನು ಬಾಯಿಪಾಠ ಮಾಡುತ್ತಾರೆ. ಆ ಒಂದು ಸಾಲಿನ ಹಿಂದೆ ಏನಿದೆ ಅಂತ ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಬಹಳ ವರ್ಷಗಳ ಆಸೆ. ನಮ್ಮ ಮನೆಯವರು ಸೇವಂತಿಗೆ ಬೆಳೆಯುತ್ತಾರೆ. ಬಾಂಡುಂಗ್ ಮೇಲಿನ ಲೆಂಬಾಂಗ್ ಕಡೆ ಹೂವು, ತರಕಾರಿ ಬೆಳೆಯುವ ಹಳ್ಳಿಗಳಿವೆ, ಅದನ್ನು ನೋಡಬೇಕು ಅಂತ ಅವರಿಗೆ. ಹೀಗೆ ಇಬ್ಬರಿಗೂ ಒಂದೇ ಊರು ಒದಗಿ ಬಂತು. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ದಿನಗಳ ವಿಷಯ. ಇದೇ ಎಲ್ಲಕ್ಕಿಂತ ಮುಖ್ಯ. ಶನಿವಾರ ಭಾನುವಾರ ಬಾಂಡುಂಗ್‌ಗೆ ಹೋಗಬೇಡಿ. ರಜೆ ಬಂತೆಂದರೆ ಜಕಾರ್ತದ ಜನ ಬಟ್ಟೆ ಕೊಳ್ಳಲು, ತಿನ್ನಲು, ತಂಪು ಗಾಳಿಗೆ ಕಾರು ಹತ್ತಿ ಅಲ್ಲಿಗೇ ಬರುತ್ತಾರೆ. ಲೆಂಬಾಂಗ್ ರಸ್ತೆಯಲ್ಲಿ ಗಾಡಿಗಳು ಅಲುಗಾಡದೆ ನಿಲ್ಲುತ್ತವೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ ಸಿಕ್ಕಿಹಾಕಿಕೊಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಇನ್ನೊಂದು ಕಡೆ, ಸೋಮವಾರ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ರಜೆ. ಆದ್ದರಿಂದ ಸೋಮವಾರ ಸಂಜೆಗೆ ಊರು ಸೇರಿ, ಶುಕ್ರವಾರ ಬೆಳಿಗ್ಗೆ ಬಿಡುವ ಹಾಗೆ ಟಿಕೆಟ್ ಮಾಡಿಸಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಹಲವು ಕಡೆ ಬಾಗಿಲು ಹಾಕುತ್ತಾರೆ, ಅದರಿಂದಲೂ ತಪ್ಪಿಸಿಕೊಂಡ ಹಾಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ. ಶಾಲೆಯವರಿಗೆ ಆಗ ರಜೆ ಸಿಗುವುದಿಲ್ಲ, ಗೊತ್ತು. ಮೇ ತಿಂಗಳ ಕೊನೆಯ ವಾರಗಳೂ ಪರವಾಗಿಲ್ಲ. ಮಧ್ಯಾಹ್ನದ ಮೇಲೆ ಒಮ್ಮೊಮ್ಮೆ ಜೋರು ಮಳೆ ಬರುತ್ತದೆ, ಛತ್ರಿ ಇಟ್ಟುಕೊಂಡು ಹೊರಗಿನ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಿ. ರಂಜಾನ್ ಹಬ್ಬದ ಹಿಂದು ಮುಂದಿನ ವಾರಗಳನ್ನು ಮಾತ್ರ ಬಿಟ್ಟುಬಿಡಿ. ಇಡೀ ಜಾವಾ ಆಗ ಸ್ವಂತ ಊರಿಗೆ ಹೊರಟಿರುತ್ತದೆ, ರೈಲು ಟಿಕೆಟ್ ಸಿಗುವುದು ಕಷ್ಟ.

ವೀಸಾ ತಲೆನೋವಿನದ್ದಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರೆ. 30 ದಿನಕ್ಕೆ 5 ಲಕ್ಷ ರುಪಿಯಾ. ಲಕ್ಷ ಅಂತ ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ಸಾವಿರದ ಒಳಗೆ. ಮುಂಚೆಯೇ ಆನ್‌ಲೈನಿನಲ್ಲಿ ಮಾಡಿಕೊಂಡರೆ ಸಾಲು ತಪ್ಪುತ್ತದೆ, ಆದರೆ ಇಂಡೋನೇಷ್ಯಾ ಇಮಿಗ್ರೇಷನ್‌ನ ಸರ್ಕಾರಿ ತಾಣದಲ್ಲೇ ಮಾಡಿ. ಅದೇ ಥರ ಕಾಣುವ ಖಾಸಗಿ ತಾಣಗಳು ಜಾಸ್ತಿ ದುಡ್ಡು ಕೀಳುತ್ತವೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನಮಗೆ ದೇವನಹಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದು ದೊಡ್ಡ ಅನುಕೂಲ. ಅಲ್ಲಿಂದ ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಜಕಾರ್ತಕ್ಕೆ ಹೋಗಬಹುದು. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ.

ದುಡ್ಡಿನ ಲೆಕ್ಕಕ್ಕೆ ನಮ್ಮ ಮನೆಯವರು ಒಂದು ಸುಲಭದ ದಾರಿ ಕಂಡುಕೊಂಡರು. ಬೆಲೆಯ ಕೊನೆಯ ಎರಡು ಸೊನ್ನೆ ತೆಗೆಯಿರಿ, ಉಳಿದದ್ದನ್ನು ಅರ್ಧ ಮಾಡಿ. 50,000 ರುಪಿಯಾ ಅಂದರೆ 500, ಅದರ ಅರ್ಧ 250 ರೂಪಾಯಿ. ನಿಜವಾದ ಬೆಲೆ ಇದಕ್ಕಿಂತ ತುಸು ಮೇಲಿರುತ್ತದೆ ಅಂತ ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಅಂಗಡಿ ಮುಂದೆ ನಿಂತು ಮೊಬೈಲ್ ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ಜಕಾರ್ತದಿಂದ ಬಾಂಡುಂಗ್‌ಗೆ ಎರಡು ಥರದ ರೈಲುಗಳಿವೆ. ಒಂದು ವೂಶ್, 2023ರ ಅಕ್ಟೋಬರಿನಲ್ಲಿ ಶುರುವಾದ ಬುಲೆಟ್ ರೈಲು. ಗಂಟೆಗೆ 350 ಕಿ.ಮೀ.ವರೆಗೆ ಓಡುತ್ತದೆ, ಮುಕ್ಕಾಲು ಗಂಟೆಯ ಒಳಗೆ ಮುಟ್ಟಿಸುತ್ತದೆ. ಆದರೆ ಅದು ಹೊರಡುವುದು ಹಾಲಿಮ್ ಸ್ಟೇಷನ್‌ನಿಂದ, ವಿಮಾನ ನಿಲ್ದಾಣದಿಂದ ಅಲ್ಲಿಗೆ ಊರು ದಾಟಿ ಹೋಗಬೇಕು. ಬಾಂಡುಂಗ್ ಪೇಟೆಗೆ ಹೋಗುವವರು ಪಾಡಲಾರಾಂಗ್‌ನಲ್ಲಿ ಇಳಿದು, ಅಲ್ಲಿ ಕಾದಿರುವ ಇನ್ನೊಂದು ರೈಲು ಹತ್ತಬೇಕು. ಎರಡನೆಯದು ಗಂಬೀರ್ ಸ್ಟೇಷನ್‌ನಿಂದ ಹೊರಡುವ ಹಳೆಯ ಮಾರ್ಗದ ರೈಲು, ಸುಮಾರು ಮೂರು ಗಂಟೆ. ನನ್ನನ್ನು ಕೇಳಿದರೆ ಹೋಗುವಾಗ ಹಳೆಯ ರೈಲಿನಲ್ಲೇ ಹೋಗಿ, ಅದೂ ಹಗಲಿನಲ್ಲಿ. ಬಯಲು ಮುಗಿದು ಘಟ್ಟ ಶುರುವಾದ ಮೇಲೆ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು, ಕಣಿವೆಯ ಮೇಲಿನ ಉದ್ದುದ್ದ ಕಬ್ಬಿಣದ ಸೇತುವೆಗಳು ಕಾಣುತ್ತವೆ. ಈ ಊರಿಗೆ ರೈಲು ಬಂದದ್ದು 1884ರಲ್ಲಿ. ಚಹಾ, ಕ್ವಿನೈನ್ ಕೊಡುವ ಸಿಂಕೋನಾ ತೋಟದ ಡಚ್ಚರ ಸರಕು ಇಳಿಸಲು ಅದು ಬೇಕಿತ್ತು. ಎಷ್ಟು ಎತ್ತರಕ್ಕೆ ಹತ್ತುತ್ತಿದ್ದೇವೆ ಅಂತ ಗೊತ್ತಾಗುವುದು ಈ ದಾರಿಯಲ್ಲೇ. ವಾಪಸ್ ಬರುವಾಗ ಬುಲೆಟ್ ರೈಲು ಹತ್ತಿ. ಎರಡಕ್ಕೂ ಟಿಕೆಟ್ ಮಾಡಿಸುವಾಗ ಪಾಸ್‌ಪೋರ್ಟ್ ನಂಬರ್ ಕೊಡಬೇಕು.

ಇನ್ನು ಊರಿನ ಒಳಗೆ. ರೂಮನ್ನು ಜಲಾನ್ ಏಷ್ಯಾ–ಆಫ್ರಿಕಾ ರಸ್ತೆಯ ಆಸುಪಾಸಿನಲ್ಲೇ ಮಾಡಿ. ನಡೆದು ನೋಡುವುದೆಲ್ಲ ಅಲ್ಲೇ ಇದೆ. ಬೆಳಿಗ್ಗೆ ಏಳಕ್ಕೆ ಹೊರಡಿ, ಬಿಸಿಲಿಲ್ಲ, ಗಾಡಿಗಳ ಕಾಟವೂ ಕಡಿಮೆ. ಪ್ರಿಯಾಂಗರ್ ಹೋಟೆಲಿನ ಎದುರು ಸೊನ್ನೆ ಕಿಲೋಮೀಟರ್ ಕಲ್ಲಿದೆ. ಪಕ್ಕದಲ್ಲಿ ಹಳೆಯ ಕಾಲದ ರಸ್ತೆ ರೋಲರ್ ನಿಲ್ಲಿಸಿದ್ದಾರೆ. ಅಲ್ಲಿಂದ ಶುರು ಮಾಡಿ. ಈ ರಸ್ತೆಯೇ ಊರನ್ನು ಹುಟ್ಟಿಸಿದ್ದು. 1808ರಲ್ಲಿ ಡಚ್ಚರ ಗವರ್ನರ್ ಜನರಲ್ ಆಗಿ ಬಂದ ಡೇಂಡಲ್ಸ್, ಜಾವಾದ ಪಶ್ಚಿಮ ತುದಿಯ ಆನ್ಯರ್‌ನಿಂದ ಪೂರ್ವದ ಪನಾರುಕನ್‌ವರೆಗೆ ಸುಮಾರು 1,000 ಕಿ.ಮೀ. ಅಂಚೆ ರಸ್ತೆ ಮಾಡಿಸಿದ. ಇಲ್ಲಿ ಕೋಲು ಊರಿ, 'ನಾನು ಮತ್ತೆ ಬರುವಷ್ಟರಲ್ಲಿ ಇಲ್ಲಿ ಪೇಟೆ ಎದ್ದಿರಬೇಕು' ಅಂದ ಅಂತ ಊರಿನವರು ಕಥೆ ಹೇಳುತ್ತಾರೆ. 1810ರ ಸೆಪ್ಟೆಂಬರ್ 25 ಬಾಂಡುಂಗ್ ಹುಟ್ಟಿದ ದಿನ. ಆದರೆ ರಸ್ತೆ ಮಾಡಿದ್ದು ಬಿಟ್ಟಿ ಚಾಕರಿಯ ರೈತರು. ಸಾವಿರಾರು ಜನ ಅದರಲ್ಲೇ ಸತ್ತರು. ಆ ಕಲ್ಲಿನ ಹತ್ತಿರ ಫೋಟೋ ತೆಗೆಸಿಕೊಳ್ಳುವಾಗ ಮಕ್ಕಳು ಜೊತೆಗಿದ್ದರೆ ಅದನ್ನೂ ಹೇಳಿ.

ಮುಂದೆ ನಡೆದರೆ ಸವೋಯ್ ಹೋಮನ್ ಹೋಟೆಲ್. ಮೂಲೆಗಳೇ ಇಲ್ಲದ ಹಾಗೆ ಬಾಗಿದ ಮುಂಭಾಗ, 1939ರಲ್ಲಿ ಮುಗಿದ ಕಟ್ಟಡ. ಸಮ್ಮೇಳನಕ್ಕೆ ಬಂದ ನೆಹರೂ ಇಲ್ಲೇ ಇಳಿದುಕೊಂಡಿದ್ದರು. ಇಲ್ಲಿಂದ ಸಮ್ಮೇಳನದ ಮನೆಗೆ ನಾಯಕರೆಲ್ಲ ನಡೆದೇ ಹೋಗುತ್ತಿದ್ದರು, ರಸ್ತೆಯ ಎರಡೂ ಕಡೆ ಜನ ನಿಂತು ಜೈಕಾರ ಹಾಕುತ್ತಿದ್ದರು. ಕೆಲವೇ ನಿಮಿಷದ ದಾರಿ. ನೀವೂ ಅದೇ ಫುಟ್‌ಪಾತಿನಲ್ಲಿ ಅಷ್ಟೇ ನಿಧಾನವಾಗಿ ನಡೆಯಿರಿ.

ಸಮ್ಮೇಳನ ನಡೆದ ಆ ಕಟ್ಟಡ, ಗೆಡುಂಗ್ ಮೆರ್ಡೆಕಾ, ಈ ಊರಿನ ಜೀವ. ಅರ್ಧ ದಿನ ಇದಕ್ಕೇ ಇಡಿ. ಮೊದಲು ಇದು ಡಚ್ ತೋಟದ ಮಾಲೀಕರ ಕ್ಲಬ್ಬು, ಕುಣಿತ ಕುಡಿತದ ಜಾಗ. ಅದೇ ಹಾಲಿನಲ್ಲಿ 1955ರ ಏಪ್ರಿಲ್ 18ರಿಂದ 24ರವರೆಗೆ 29 ದೇಶಗಳು ಕುಳಿತವು. ಕರೆದವರು ಐದು ದೇಶ: ಇಂಡೋನೇಷ್ಯಾ, ಭಾರತ, ಪಾಕಿಸ್ತಾನ, ಬರ್ಮಾ, ಸಿಲೋನ್. ಚೀನಾದ ಚೌ ಎನ್‌ಲಾಯ್, ಈಜಿಪ್ಟಿನ ನಾಸೆರ್, ಬರ್ಮಾದ ಊ ನು ಎಲ್ಲ ಬಂದಿದ್ದರು. ಆಫ್ರಿಕಾದ ಬಹುಪಾಲು ದೇಶಗಳಿಗೆ ಆಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಇಲ್ಲಿ ಒಪ್ಪಿದ ಹತ್ತು ಸೂತ್ರಗಳಲ್ಲಿ ಅದರ ಹಿಂದಿನ ವರ್ಷ ಭಾರತ–ಚೀನಾ ಒಪ್ಪಂದದಲ್ಲಿ ಬಂದ ಪಂಚಶೀಲದ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಇಂಡೋನೇಷ್ಯಾದ ಆಗಿನ ಅಧ್ಯಕ್ಷ ಸುಕರ್ಣೋ ಉದ್ಘಾಟನಾ ಭಾಷಣದಲ್ಲಿ, 180 ವರ್ಷದ ಹಿಂದೆ ಇದೇ ಏಪ್ರಿಲ್ 18ರ ರಾತ್ರಿ ಅಮೆರಿಕದ ಪಾಲ್ ರಿವಿಯರ್ ಕುದುರೆ ಏರಿ ಬ್ರಿಟಿಷ್ ಸೈನ್ಯ ಬರುತ್ತಿದೆ ಅಂತ ಎಚ್ಚರಿಸಿದ್ದನ್ನು ನೆನಪಿಸಿದರು. ವಸಾಹತುಗಳ ಹೋರಾಟವನ್ನು ಅಮೆರಿಕದವರಿಗೂ ಅರ್ಥವಾಗುವ ಹಾಗೆ ಹೇಳಿದ ಈ ಜಾಣತನ ನನಗೆ ಬಹಳ ಇಷ್ಟ.

ಪಕ್ಕಕ್ಕೇ ಅಂಟಿಕೊಂಡ ಮ್ಯೂಸಿಯಂ 1980ರಿಂದ ಇದೆ. ಫೋಟೋಗಳ ಹತ್ತಿರ ನಿಧಾನ ಮಾಡಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹೊರಡುವ ಮುಂಚೆ ಕಾಶ್ಮೀರ್ ಪ್ರಿನ್ಸೆಸ್ ಕಥೆ ಹೇಳಿರಿ. ಸಮ್ಮೇಳನಕ್ಕೆ ಒಂದು ವಾರ ಮುಂಚೆ, ಏಪ್ರಿಲ್ 11ರಂದು, ಹಾಂಗ್‌ಕಾಂಗ್‌ನಿಂದ ಪ್ರತಿನಿಧಿಗಳನ್ನು ಹೊತ್ತು ಬರುತ್ತಿದ್ದ ನಮ್ಮ ಏರ್ ಇಂಡಿಯಾ ವಿಮಾನದಲ್ಲಿ ಬಾಂಬ್ ಸಿಡಿಯಿತು. ಗುರಿ ಚೌ ಎನ್‌ಲಾಯ್ ಆಗಿದ್ದರು, ಅವರು ಆ ವಿಮಾನ ಹತ್ತಿರಲಿಲ್ಲ. 19 ಜನರಲ್ಲಿ ಉಳಿದದ್ದು ಮೂವರು. ಇದು ಗೊತ್ತಿದ್ದು ಆ ಫೋಟೋಗಳನ್ನು ನೋಡಿದರೆ, ಅಲ್ಲಿ ನಗುತ್ತಿರುವ ಮುಖಗಳು ಎಂಥ ಹೊತ್ತಿನಲ್ಲಿ ಬಂದು ಕುಳಿತಿದ್ದವು ಅಂತ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಮಾತನ್ನೂ ಸೇರಿಸಬಹುದು. 1986ರಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದ ನಾಯಕರು ನಮ್ಮ ನಂದಿ ಬೆಟ್ಟದ ಮೇಲೂ ಕುಳಿತು ಮಾತಾಡಿದ್ದರು. ದೇಶಗಳ ನಡುವಿನ ಮಾತುಕತೆ ಎಲ್ಲೋ ಆಗುವುದು ಅಂತ ಅಂದುಕೊಳ್ಳಬೇಕಿಲ್ಲ, ಅಲ್ವಾ?

ಈ ಊರಿನಲ್ಲಿ ಭಾರತದ ಇನ್ನೊಂದು ಮುಖವೂ ಇದೆ. ಅದನ್ನು ನೋಡದೆ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನೀಯರಿಂದ ಆಯುಧ ಇಳಿಸಿಕೊಳ್ಳಲು ಅಂತ ಬ್ರಿಟಿಷರು ಇಲ್ಲಿಗೆ ಬಂದರು. ಅವರು ತಂದ ಸಿಪಾಯಿಗಳಲ್ಲಿ ಬಹಳಷ್ಟು ಜನ ಭಾರತೀಯರು. 1946ರ ಮಾರ್ಚಿನಲ್ಲಿ ದಕ್ಷಿಣ ಬಾಂಡುಂಗ್ ಖಾಲಿ ಮಾಡಿ ಅಂತ ಬ್ರಿಟಿಷರು ಗಡುವು ಕೊಟ್ಟರು. ಡಚ್ಚರ ಕೈಗೆ ಮತ್ತೆ ಊರು ಸಿಗಬಾರದು ಅಂತ ಜನ ಮಾರ್ಚ್ 24ರ ರಾತ್ರಿ ತಮ್ಮ ಮನೆಗಳಿಗೆ ತಾವೇ ಬೆಂಕಿ ಹಚ್ಚಿ ಬೆಟ್ಟದ ಕಡೆ ನಡೆದರು. ತೆಗಲ್ಲೆಗಾ ಮೈದಾನದಲ್ಲಿ ಜ್ವಾಲೆಯ ಆಕಾರದ ಸ್ಮಾರಕವಿದೆ. ನಮ್ಮ ಸಿಪಾಯಿಗಳಲ್ಲಿ ಕೆಲವರು ಸೈನ್ಯ ಬಿಟ್ಟು ಇಂಡೋನೇಷ್ಯಾದವರ ಪಕ್ಷ ಸೇರಿದರು. ಮರುವರ್ಷ, ಮುಂದೆ ಒಡಿಶಾದ ಮುಖ್ಯಮಂತ್ರಿಯಾದ ಬಿಜು ಪಟ್ನಾಯಕ್ ತಾವೇ ವಿಮಾನ ಹಾರಿಸಿ ಇಂಡೋನೇಷ್ಯಾದ ನಾಯಕ ಸುತಾನ್ ಶಹರೀರ್ ಅವರನ್ನು ಹೊರಗೆ ಕರೆತಂದರು. 1950ರ ನಮ್ಮ ಮೊದಲ ಗಣರಾಜ್ಯೋತ್ಸವಕ್ಕೆ ಸುಕರ್ಣೋ ಅತಿಥಿಯಾಗಿ ಬಂದರು. ಮೆರ್ಡೆಕಾ ಮತ್ತು ತೆಗಲ್ಲೆಗಾ, ಎರಡನ್ನೂ ಒಂದೇ ದಿನ ನೋಡಿ.

ಅದೇ ದಿನ ನಡಿಗೆಯಲ್ಲಿ ಬಾನ್ಚೆಯ್ ಜೈಲೂ ಸಿಗುತ್ತದೆ. ಜೈಲು ಕೆಡವಿ ಅಂಗಡಿ ಕಟ್ಟಿದ್ದಾರೆ, ಆದರೆ ಸುಕರ್ಣೋ ಇದ್ದ 5ನೇ ನಂಬರ್ ಕೋಣೆಯನ್ನು ಉಳಿಸಿದ್ದಾರೆ. ಸುಕರ್ಣೋ ಈ ಊರಿನಲ್ಲೇ ಸಿವಿಲ್ ಎಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದವರು. ಆ ಕಾಲೇಜು ಈಗಿನ ಐಟಿಬಿ, ಅಂದರೆ ಬಾಂಡುಂಗ್ ತಂತ್ರಜ್ಞಾನ ಸಂಸ್ಥೆ. ದೋಣಿಯ ಹಾಗೆ ಎರಡು ತುದಿ ಎತ್ತಿದ ಅದರ ಛಾವಣಿಗಳನ್ನು ನೋಡಲು ಒಂದು ಸಂಜೆ ಹೋಗಿ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯ ಪಕ್ಕದವರಾದ ನಮಗೆ ಎಂಜಿನಿಯರ್ ಕೈಯಲ್ಲಿ ದೇಶ ಕಟ್ಟುವ ಮಾತು ಹೊಸದಲ್ಲ. ಗವರ್ನರ್ ಕಚೇರಿಯಾದ ಗೆಡುಂಗ್ ಸಾತೆ ಹೊರಗಿನಿಂದ ನೋಡಿದರೆ ಸಾಕು: 1920ರಲ್ಲಿ ಶುರುವಾದ ಕಟ್ಟಡ, ನೆತ್ತಿಯ ಮೇಲೆ ಕಡ್ಡಿಗೆ ಪೋಣಿಸಿದ ಆರು ಉಂಡೆ. ಖರ್ಚಾದ 60 ಲಕ್ಷ ಗಿಲ್ಡರಿನ ಗುರುತು ಅದು. ಬ್ರಾಗಾ ಬೀದಿ ಸಂಜೆ ಸುಮ್ನೆ ಅಡ್ಡಾಡಲು ಚೆಂದ. ಬಟ್ಟೆ ಅಂಗಡಿಗಳ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಊಟದ ವಿಷಯಕ್ಕೆ ಬರೋಣ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಇಲ್ಲಿನವರು ಸುಂಡಾ ಜನ. ಹಸಿ ಸೊಪ್ಪು, ಹಸಿ ತರಕಾರಿಯನ್ನು ಅನ್ನದ ಜೊತೆ ತಿನ್ನುವವರು. ಕರೆಡೊಕ್ ಅಂತ ಕೇಳಿ: ಸೌತೆ, ಎಲೆಕೋಸು, ಅಲಸಂದೆ ಕಾಯಿ, ಮೊಳಕೆ ಕಾಳು ಎಲ್ಲ ಹಸಿಯಾಗಿಯೇ, ಮೇಲೆ ಒರಳಿನಲ್ಲಿ ಅರೆದ ಕಡಲೆಕಾಯಿ ಚಟ್ನಿ. ಹಸಿ ಬೇಡ ಅಂದರೆ ಲೋತೆಕ್, ಅದರಲ್ಲಿ ತರಕಾರಿ ಬೇಯಿಸಿರುತ್ತಾರೆ. ತೆಂಪೆ ಮತ್ತು ತಾಹು ಎಲ್ಲ ಕಡೆ ಸಿಗುತ್ತದೆ, ಎರಡೂ ಸೋಯಾದ್ದು. ಸಾಯುರ್ ಆಸೆಮ್ ಅನ್ನುವ ಹುಣಸೆ ಸಾರಿನಲ್ಲಿ ನಮ್ಮ ಸೀಮೆಬದನೆಕಾಯಿ ತೇಲುತ್ತಿರುತ್ತದೆ. ಎಚ್ಚರ ಇರಬೇಕಾದ್ದು ತೆರಾಸಿ ಬಗ್ಗೆ. ಅದು ಒಣ ಸೀಗಡಿಯ ಮುದ್ದೆ. ಚಟ್ನಿಗೂ ಸಾರಿಗೂ ಕಣ್ಣಿಗೆ ಕಾಣದ ಹಾಗೆ ಸೇರಿಸಿರುತ್ತಾರೆ. ಮಾಂಸ ಇಲ್ಲ ಅಂತ ಅವರು ಹೇಳುವುದು ನಿಜವೇ, ಆದರೆ ತೆರಾಸಿ ಅವರ ಲೆಕ್ಕದಲ್ಲಿ ಮಾಂಸ ಅಲ್ಲ. ಈ ಎರಡು ಸಾಲು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ: 'ಸಾಯಾ ತಿಡಾಕ್ ಮಾಕಾನ್ ಡಾಗಿಂಗ್, ಆಯಾಮ್, ಇಕಾನ್' ಅಂದರೆ ನಾನು ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ. 'ತನ್ಪಾ ತೆರಾಸಿ' ಅಂದರೆ ತೆರಾಸಿ ಬೇಡ. ನಗುತ್ತಾ ಹೇಳಿ, ಕೊನೆಗೆ 'ಹತುರ್ ನುಹುನ್' ಅಂತ ಅವರದೇ ಭಾಷೆಯಲ್ಲಿ ಧನ್ಯವಾದ ಹೇಳಿ. ಗಾಡಿಯ ಅಮ್ಮಂದಿರು ಒರಳು ತೊಳೆದು ಬೇರೆಯಾಗಿ ಅರೆದು ಕೊಡುತ್ತಾರೆ.

ಸಂಜೆ ಸುರಾಬಿ ತಪ್ಪಿಸಬೇಡಿ. ಅಕ್ಕಿ ಹಿಟ್ಟಿಗೆ ತೆಂಗಿನ ಹಾಲು ಬೆರೆಸಿ, ಮಣ್ಣಿನ ಬಾಣಲೆಯಲ್ಲಿ ಸೌದೆ ಉರಿಯ ಮೇಲೆ ಮುಚ್ಚಿ ಬೇಯಿಸುತ್ತಾರೆ. ಬೆಲ್ಲದ ಪಾಕ ಹಾಕಿದ್ದನ್ನು ಕೇಳಿ. ಜೊತೆಗೆ ಶುಂಠಿ, ಬೆಲ್ಲ ಕುದಿಸಿದ ಬಂದ್ರೆಕ್ ಕುಡಿದರೆ ಅಲ್ಲಿನ ಚಳಿಗೆ ಹಿತ. ಬೆಳಗಿನ ಹೊತ್ತಿಗೆ ಮಾತ್ರ ಮನೆಯಿಂದ ರಾಗಿ ಹುರಿಹಿಟ್ಟು, ಚಟ್ನಿಪುಡಿ ಒಯ್ಯಿರಿ. ಬೆಟ್ಟಕ್ಕೆ ಹೋಗುವ ದಿನ ಬೆಳಗಿನ ಜಾವ ಹೋಟೆಲಿನ ತಿಂಡಿ ಶುರುವಾಗಿರುವುದಿಲ್ಲ.

ಬೆಟ್ಟ ಅಂದರೆ ತಂಕುಬಾನ್ ಪೆರಾಹು, 2,084 ಮೀಟರ್. ಇದು ಜೀವಂತ ಜ್ವಾಲಾಮುಖಿ, 2019ರ ಜುಲೈನಲ್ಲೂ ಬೂದಿ ಉಗುಳಿತು. ಹೋಗುವ ಹಿಂದಿನ ದಿನ ಮಾಗ್ಮಾ ಇಂಡೋನೇಷ್ಯಾ ಅನ್ನುವ ಸರ್ಕಾರಿ ಆ್ಯಪಿನಲ್ಲಿ ಅದರ ಸ್ಥಿತಿ ನೋಡಿ, ಹೋಟೆಲಿನವರನ್ನೂ ಕೇಳಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು, ಹೊತ್ತು ಏರಿದ ಹಾಗೆ ಮಂಜು ಮುಚ್ಚುತ್ತದೆ. ಆ್ಯಪಿನ ಟ್ಯಾಕ್ಸಿಗಳು ಹತ್ತಿಸಿಬಿಡುತ್ತವೆ, ಆದರೆ ಇಳಿಯಲು ಸಿಗುವುದು ಅನುಮಾನ. ಡ್ರೈವರ್ ಜೊತೆಗೆ ಇಡೀ ದಿನಕ್ಕೆ ಕಾರು ಮಾತಾಡಿಕೊಳ್ಳಿ. ವಿದೇಶಿಯರಿಗೆ ಪ್ರವೇಶದ ದರ ಅಲ್ಲಿನವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಮೇಲೆ ಗಂಧಕದ ಘಾಟು ಇರುತ್ತದೆ, ಮಾಸ್ಕ್ ಬೇಕು. ಉಬ್ಬಸ ಇದ್ದವರು ಕುಳಿಯ ಅಂಚಿನಿಂದ ದೂರ ಇರಿ.

ದೂರದಿಂದ ನೋಡಿದರೆ ಆ ಬೆಟ್ಟ ಮಗುಚಿದ ದೋಣಿಯೇ. ಅದಕ್ಕೆ ಒಂದು ಕಥೆ. ಸಂಗ್‌ಕುರಿಯಾಂಗ್ ಅನ್ನುವವನು ತನ್ನ ತಾಯಿ ಅಂತ ತಿಳಿಯದೆ ದಯಾಂಗ್ ಸುಂಬಿಯನ್ನು ಮದುವೆಯಾಗಲು ಹೊರಟ. ಅವಳಿಗೆ ಗುರುತು ಸಿಕ್ಕಿತು. ಬೆಳಗಾಗುವುದರೊಳಗೆ ನದಿಗೆ ಕಟ್ಟೆ ಕಟ್ಟಿ ಕೆರೆ ಮಾಡು, ದೋಣಿಯನ್ನೂ ಮಾಡು, ಆಗ ಒಪ್ಪುತ್ತೇನೆ ಅಂದಳು. ಅವನು ಮುಗಿಸಿಯೇ ಬಿಡುವ ಹಾಗೆ ಕಂಡಾಗ ಪೂರ್ವದಲ್ಲಿ ಸುಳ್ಳು ಬೆಳಕು ಹುಟ್ಟಿಸಿದಳು, ಕೋಳಿ ಕೂಗಿತು. ಸಿಟ್ಟಿನಲ್ಲಿ ಅವನು ಒದ್ದ ದೋಣಿ ಬೆಟ್ಟವಾಯಿತು. ಬಾಂಡುಂಗ್ ಇರುವ ಬಯಲು ಸಾವಿರಾರು ವರ್ಷದ ಹಿಂದೆ ನಿಜವಾಗಿಯೂ ದೊಡ್ಡ ಕೆರೆಯಾಗಿತ್ತು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. 1929ರಲ್ಲಿ ತೆರೆದ ಭೂವಿಜ್ಞಾನ ಮ್ಯೂಸಿಯಂ ಗೆಡುಂಗ್ ಸಾತೆಯ ಹತ್ತಿರವೇ ಇದೆ. ಬೆಟ್ಟಕ್ಕೆ ಹೋಗುವ ಮುಂಚೆ ಅದನ್ನು ನೋಡಿದರೆ ಕಥೆಯೂ ನೆಲವೂ ಒಟ್ಟಿಗೆ ತಲೆಗೆ ಹತ್ತುತ್ತವೆ.

ಇಳಿಯುವಾಗ ಲೆಂಬಾಂಗ್ ಪೇಟೆ, ಅಲ್ಲಿಂದ ಪಶ್ಚಿಮಕ್ಕೆ ಚಿಹಿದೆಉಂಗ್ ಅನ್ನುವ ಹೂವಿನ ಹಳ್ಳಿ. ರಸ್ತೆಯ ಎರಡೂ ಕಡೆ ನರ್ಸರಿಗಳು. ನಮ್ಮ ಮನೆಯವರು ಇಲ್ಲಿಂದ ಕದಲಲೇ ಇಲ್ಲ. ಭಾಷೆ ಬರದೆಯೂ ಸೇವಂತಿಗೆಯ ಎಲೆ ಮಗುಚಿ, ಬೇರು ತೋರಿಸಿ, ಕೈ ಸನ್ನೆಯಲ್ಲೇ ಅಲ್ಲಿನ ಬೆಳೆಗಾರರ ಜೊತೆ ಮಾತಾಡಿದರು. ನಮ್ಮ ಜಿಲ್ಲೆಯ ಹೂವು, ತರಕಾರಿ ರೈತರು ಯಾರಾದರೂ ಹೋದರೆ ಈ ಹಳ್ಳಿಗೇ ಅರ್ಧ ದಿನ ಕೊಡಿ. ಕಡಿದಾದ ಇಳಿಜಾರಿನಲ್ಲಿ ಅವರು ಮಡಿ ಮಾಡುವ ರೀತಿ ನೋಡುವಂಥದ್ದು. ಇದೇ ದಾರಿಯಲ್ಲಿರುವ ಬೋಶಾ ನಕ್ಷತ್ರ ವೀಕ್ಷಣಾಲಯಕ್ಕೆ ಮುಂಚೆಯೇ ಹೆಸರು ಬರೆಸಿರಬೇಕು, ನೇರವಾಗಿ ಹೋದರೆ ಒಳಗೆ ಬಿಡುವುದಿಲ್ಲ.

ಒಂದು ಸಂಜೆಯನ್ನು ಸೌಂಗ್ ಆಂಗ್‌ಕ್ಲುಂಗ್ ಉಜೋಗೆ ಇಡಿ. 1966ರಲ್ಲಿ ಒಂದು ದಂಪತಿ ಶುರು ಮಾಡಿದ ಬಿದಿರು ವಾದ್ಯದ ಶಾಲೆ. ಒಂದು ಆಂಗ್‌ಕ್ಲುಂಗ್‌ನಲ್ಲಿ ಒಂದೇ ಸ್ವರ, ಹತ್ತಾರು ಜನ ಸೇರಿದರೆ ಮಾತ್ರ ಹಾಡು. ನೋಡಲು ಬಂದವರ ಕೈಗೂ ಒಂದೊಂದು ಕೊಟ್ಟು ನುಡಿಸಲು ಕಲಿಸುತ್ತಾರೆ. ಅಲ್ಲಿನ ಮಕ್ಕಳ ಉತ್ಸಾಹ ನೋಡಿ ನನಗಂತೂ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಇಂಥದ್ದೊಂದು ತರಬೇಕು ಅನ್ನಿಸಿತು. ಆಂಗ್‌ಕ್ಲುಂಗ್ ಅಲ್ಲೇ ಮಾರುತ್ತಾರೆ.

ತರುವ ಸಾಮಾನಿನ ಬಗ್ಗೆ ಒಂದು ಮಾತು, ಬೆಳೆಗಾರರಿಗೆ ವಿಶೇಷವಾಗಿ. ಚಿಹಿದೆಉಂಗ್‌ನಲ್ಲಿ ಗಿಡ, ಗೆಡ್ಡೆ, ಕಡ್ಡಿ ಎಷ್ಟೇ ಆಸೆ ಹುಟ್ಟಿಸಿದರೂ ಚೀಲಕ್ಕೆ ಹಾಕಬೇಡಿ. ನೆಡುವ ಸಾಮಗ್ರಿ ಭಾರತದೊಳಗೆ ತರಲು ಮುಂಚೆಯೇ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪತ್ರವೂ ಬೇಕು. ಇಲ್ಲದಿದ್ದರೆ ದೇವನಹಳ್ಳಿಯಲ್ಲಿ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳದೆ ಒಳಗೆ ಬಂದರೆ ಇನ್ನೂ ಅಪಾಯ, ಹೊಸ ರೋಗವೊಂದು ನಮ್ಮ ಸೇವಂತಿಗೆ ತೋಟಗಳಿಗೆ ಇಳಿದಂತೆಯೇ. ತಳಿ ಇಷ್ಟವಾದರೆ ಹೆಸರು ಬರೆದುಕೊಂಡು, ಫೋಟೋ ತೆಗೆದುಕೊಂಡು ಬಂದು ಇಲ್ಲಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಹುರಿದ ಕಾಫಿ, ಚಹಾ ಪುಡಿ, ಪ್ಯಾಕ್ ಮಾಡಿದ ತೆಂಪೆ ಚಿಪ್ಸ್ ಇಷ್ಟು ತನ್ನಿ.